ಅಜ್ಜಿಯ ಪದ ಯಾವ ಫೋಲ್ಡರ್‌ನಲ್ಲಿದೆ?

ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೈವೇ ಹಿಡಿದು ಬಂದರೆ ಶಿಗ್ಗಾಂವಿಗೆ ಮುಂಚೆ ಗೊಟಗೋಡಿ ಸಿಗುತ್ತೆ. ಬೆಂಗಳೂರಿನ ನನ್ನ ಆಫೀಸಿನವರಿಗೆ ಈ ಊರು ಗೊತ್ತಿರೋದು ಉತ್ಸವ್ ರಾಕ್ ಗಾರ್ಡನ್‌ನಿಂದ. ಗೋವಾಕ್ಕೆ ಹೋಗೋವಾಗ ಇಳಿದು, ಸಿಮೆಂಟಿನ ಎತ್ತು, ಸಿಮೆಂಟಿನ ಹಳ್ಳಿ ಹೆಂಗಸರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಮುಂದೆ ಹೋಗಿರ್ತಾರೆ. ಅದೇ ಊರಿನಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ ಅಂದರೆ, ‘ಜಾನಪದಕ್ಕೂ ಯೂನಿವರ್ಸಿಟಿನಾ?’ ಅಂತ ಕೇಳ್ತಾರೆ.

ನಾನು ಕಳೆದ ಬೇಸಿಗೆಯಲ್ಲಿ ಆ ಊರಿಗೆ ಹೋದದ್ದು ಒಬ್ಬ ನಿವೃತ್ತ ಮಾಸ್ತರನ್ನು ನೋಡೋಕೆ. 1990ರ ದಶಕದಲ್ಲಿ ಅವರು ಹಾನಗಲ್, ಶಿಗ್ಗಾಂವಿ ಕಡೆಯ ಹೆಂಗಸರ ಹಾಡುಗಳ ಮೇಲೆ ಪಿಎಚ್.ಡಿ. ಮಾಡಿದ್ದರು. 1998ರಲ್ಲಿ ಹಾನಗಲ್ ತಾಲೂಕಿನ ನಮ್ಮ ಹಳ್ಳಿಗೂ ಬಂದು, ನಮ್ಮಜ್ಜಿಯಿಂದ ಬೀಸುವ ಪದ ಹಾಡಿಸಿಕೊಂಡು ಟೇಪ್ ಮಾಡಿಕೊಂಡಿದ್ದರಂತೆ. ಅಜ್ಜಿ 2009ರಲ್ಲಿ ತೀರಿಕೊಂಡಳು. ಅವಳ ಫೋಟೊಗಳಿವೆ, ದನಿ ಇಲ್ಲ. ನಮ್ಮಮ್ಮನಿಗೆ ಆ ದನಿ ಒಂದು ಸಲ ಕೇಳಬೇಕು ಅಂತ ಆಸೆ. ಸಾಫ್ಟ್‌ವೇರ್ ಕೆಲಸ ಮಾಡೋ ಮಗ ಇದ್ದಾನಲ್ಲ, ಹುಡುಕಿಕೊಡ್ತಾನೆ ಅಂದುಕೊಂಡಿದ್ದಳು. ನಾನೂ ಅದನ್ನೇ ಅಂದುಕೊಂಡಿದ್ದೆ.

ಮಾಸ್ತರು ಅಟ್ಟದಿಂದ ಒಂದು ತಗಡಿನ ಟ್ರಂಕು ಇಳಿಸಿದರು. ಒಳಗೆ 37 ಕ್ಯಾಸೆಟ್, ಐದು ನೋಟ್‌ಬುಕ್, ಒಂದು ಸಿಡಿ, ಒಂದು ಪೆನ್‌ಡ್ರೈವ್. ‘ಎಲ್ಲಾ ಕಂಪ್ಯೂಟರಿಗೆ ಹಾಕಿಸೇನಿ ತಮ್ಮಾ. ಪೆನ್‌ಡ್ರೈವ್ ಒಂದ ಸಾಕು’ ಅಂದರು. ನಾನು ಲ್ಯಾಪ್‌ಟಾಪ್ ತೆರೆದು ಫೈಲ್ ಓಪನ್ ಮಾಡಿದೆ. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರೋ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ. ಮುನ್ನೂರು ಪುಟ ಹಾಗೇ ಇತ್ತು.

ನಿಮ್ಮಲ್ಲಿ ಎಷ್ಟೋ ಜನ ಇದನ್ನು ನೋಡಿರ್ತೀರಿ. ಹಳೇ ‘ನುಡಿ’ಯಲ್ಲಿ ಟೈಪ್ ಮಾಡಿದ ‘ಕನ್ನಡ’ ಅನ್ನೋ ಪದ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೀಗೇ ಕಾಣೋದು. ಯಾಕೆ ಹೀಗಾಗುತ್ತೆ ಅನ್ನೋದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. ಹಾಡು ಕೂಡಿಡುವ ಸಾಧನಗಳು ಒಂದಾದ ಮೇಲೊಂದು ಬಂದವು, ಪ್ರತಿಯೊಂದೂ ಒಂದನ್ನು ಉಳಿಸಿ ಇನ್ನೊಂದನ್ನು ಕೈಬಿಟ್ಟಿತು. ನಮ್ಮಜ್ಜಿಯ ಪದದ ಕಥೆಯೂ ಅದೇ.

ಮೊದಲು ಸಾಧನ ಅಂದರೆ ಬರೀ ಬಾಯಿ. ಗೊಟಗೋಡಿಯ ಹಾಗೆ ಶಿಗ್ಗಾಂವಿ ತಾಲೂಕಿನದೇ ಊರು ಶಿಶುನಾಳ. ಅಲ್ಲಿನ ಶರೀಫರು (1819–1889) ಕಟ್ಟಿದ ತತ್ವಪದಗಳು ಭಜನಾ ಮೇಳಗಳ ಬಾಯಲ್ಲಿ ಉಳಿದುಕೊಂಡೇ ನಮ್ಮವರೆಗೆ ಬಂದವು. ಅಚ್ಚಾದದ್ದು, ಕ್ಯಾಸೆಟ್ ಆದದ್ದು ಎಲ್ಲ ಆಮೇಲೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರತಿ ಊರಿನ ಮೇಳವೂ ಒಂದು ಬ್ಯಾಕಪ್. ಒಂದು ಊರಲ್ಲಿ ಮರೆತರೆ ಇನ್ನೊಂದು ಊರಲ್ಲಿ ಇರ್ತಿತ್ತು. ಬೀಸುವ ಪದಕ್ಕೆ ಬೀಸುವ ಕಲ್ಲೇ ಮೇಳ. ಹಿಟ್ಟಿನ ಗಿರಣಿ ಬಂತು, ಕಲ್ಲು ನಿಂತಿತು, ಆ ಬ್ಯಾಕಪ್ಪೂ ನಿಂತುಹೋಯ್ತು.

ಆಮೇಲೆ ಬಂದದ್ದು ಕಾಗದ. ಬ್ರಿಟಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ ನಮ್ಮ ಕಡೆಯ ಲಾವಣಿಗಳನ್ನು ಸಂಗ್ರಹಿಸಿ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅನುವಾದದ ಜೊತೆ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ಅದರಲ್ಲಿದ್ದವು. ಬ್ರಿಟಿಷರ ವಿರುದ್ಧ ಎದ್ದವರ ಹಾಡನ್ನು ಬ್ರಿಟಿಷ್ ಅಧಿಕಾರಿಯೇ ಉಳಿಸಿದ್ದು ಒಂದು ತಮಾಷೆ. ಪದಗಳು ಉಳಿದವು, ಹಾಡಿದವರ ದನಿ ಉಳಿಯಲಿಲ್ಲ. 1931ರಲ್ಲಿ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಜೊತೆಗಾರರು, ‘ಗರತಿಯ ಹಾಡು’ ಹೊರತಂದರು. ದೊಡ್ಡ ಕೆಲಸ ಅದು. ಆದರೆ ಆ ಹೆಸರನ್ನೇ ನೋಡಿ: ಎಷ್ಟೋ ಮನೆಯ ಹೆಂಗಸರ ಪದಗಳು ಒಬ್ಬಳೇ ‘ಗರತಿ’ಯ ಹೆಸರಿನಲ್ಲಿ ಪುಸ್ತಕವಾದವು.

ನಂತರ ಟೇಪ್ ರೆಕಾರ್ಡರ್ ಬಂತು, ದನಿ ಸಿಕ್ಕಿತು. ಅದನ್ನು ಹೇಗೆ ಬಳಸಬಹುದು ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಒಂದು ಮಾದರಿ ಇದೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಸೇರಿ, ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ತುಳು ‘ಸಿರಿ’ ಮಹಾಕಾವ್ಯವನ್ನು ದಿನಗಟ್ಟಲೆ ಕೂತು ಧ್ವನಿಮುದ್ರಣ ಮಾಡಿಕೊಂಡರು. ಅದು ತುಳು ಪಠ್ಯ, ಇಂಗ್ಲಿಷ್ ಅನುವಾದದ ಜೊತೆ ಎರಡು ಸಂಪುಟವಾಗಿ ಹೊರಬಂದದ್ದು 1998ರಲ್ಲಿ. ಒಟ್ಟು 15,683 ಸಾಲು. ಹಾಡಿದ ಗೋಪಾಲ ನಾಯ್ಕರ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಇದೆ. ಒಂದು ಹಾಡಿಗೆ ತಂಡ, ಹಣ, ಯಂತ್ರ, ಎಂಟು ವರ್ಷದ ತಾಳ್ಮೆ ಎಲ್ಲ ಸಿಕ್ಕರೆ ಏನಾಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ.

ಅದೇ 1998ರಲ್ಲಿ ನಮ್ಮ ಮಾಸ್ತರು ಒಬ್ಬರೇ, ಬಾಡಿಗೆ ಸೈಕಲ್ ಮೇಲೆ, ಸಾಲ ತಂದ ಟೇಪ್ ರೆಕಾರ್ಡರ್ ಹಿಡಿದು ನಮ್ಮ ಹಳ್ಳಿಗೆ ಬಂದಿದ್ದರು.

ಅದೇ ವರ್ಷ ಇನ್ನೊಂದು ನಡೆಯಿತು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ ತಂತ್ರಾಂಶ ಬಿಡುಗಡೆ ಮಾಡಿದರು. ಮುಂದೆ ಕನ್ನಡ ಗಣಕ ಪರಿಷತ್ತು ‘ನುಡಿ’ ತಂದಿತು. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ಸರ್ಕಾರದ ಅಧಿಕೃತ ವಿನ್ಯಾಸವಾಯ್ತು. ಇವರೆಲ್ಲ ಇಲ್ಲದಿದ್ದರೆ ನಾನು ಈಗ ಇದನ್ನು ಕನ್ನಡದಲ್ಲಿ ಟೈಪ್ ಮಾಡ್ತಾ ಇರ್ತಿರಲಿಲ್ಲ.

ಆದರೆ ಆ ಕಾಲದ ಫಾಂಟುಗಳಲ್ಲಿ ಒಂದು ಉಪಾಯ ಇತ್ತು. ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದರು. ನಮ್ಮ ಕಣ್ಣಿಗೆ ‘ಕ’, ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇನ್ನೂ ‘ಪಿ’. ಪ್ರಿಂಟ್ ತೆಗೆಯೋಕೆ ಇದು ಸಾಕು, ಹುಡುಕೋಕೆ ಸಾಲದು. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಜಾಗ 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಅನ್ನೋ ಯುನಿಕೋಡ್ ಫಾಂಟೂ ಬಂತು. ಆದರೆ ಡಿಟಿಪಿ ಅಂಗಡಿಗಳು ಬಳಸ್ತಿದ್ದ ಪೇಜ್‌ಮೇಕರ್‌ಗೆ ಯುನಿಕೋಡ್ ಬರ್ತಿರಲಿಲ್ಲ. ಪ್ರಬಂಧ ಬೈಂಡ್ ಆಗಬೇಕಾದ್ದು ಅಲ್ಲೇ ತಾನೇ? ಹೀಗಾಗಿ ವರ್ಷಗಟ್ಟಲೆ ಕನ್ನಡದ ಸಂಶೋಧನೆ ಹಳೇ ಫಾಂಟಿನಲ್ಲೇ ಟೈಪ್ ಆಯ್ತು. 2009ರ ಯುಜಿಸಿ ನಿಯಮದ ಮೇಲೆ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಸೇರತೊಡಗಿದವು, ಯಾರು ಬೇಕಾದರೂ ಓದಬಹುದು. ಆದರೆ ಹಳೇ ಫಾಂಟಿನ ಪಿಡಿಎಫ್ ಒಳಗೆ ‘ಬೀಸುವ ಕಲ್ಲು’ ಅಂತ ಹುಡುಕಿ ನೋಡಿ. ಕಣ್ಣೆದುರಿಗೇ ಇರುತ್ತೆ, ಕಂಪ್ಯೂಟರ್ ‘ಇಲ್ಲ’ ಅನ್ನುತ್ತೆ.

ಇದನ್ನು ಸರಿಮಾಡೋಕೆ ಆಗಲ್ಲ ಅಂತಲ್ಲ. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ 15 ಸಮಗ್ರ ವಚನ ಸಂಪುಟಗಳನ್ನು ಪ್ರಕಟಿಸಿತ್ತು. 2010ರ ದಶಕದಲ್ಲಿ ಒಂದಿಷ್ಟು ತಂತ್ರಜ್ಞರು, ಓ. ಎಲ್. ನಾಗಭೂಷಣ ಸ್ವಾಮಿಯವರಂಥ ವಿದ್ವಾಂಸರ ಜೊತೆ ಸೇರಿ ‘ವಚನ ಸಂಚಯ’ ಕಟ್ಟಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನ, ಎಲ್ಲವೂ ಯುನಿಕೋಡ್. ಒಂದು ಪದ ಕೊಟ್ಟರೆ ಯಾವ ವಚನಕಾರರು ಎಲ್ಲೆಲ್ಲಿ ಬಳಸಿದ್ದಾರೆ ಅಂತ ಕ್ಷಣದಲ್ಲಿ ಬರುತ್ತೆ. ಮೊದಲಾದರೆ ಒಬ್ಬ ಸಂಶೋಧಕನಿಗೆ ಇದೇ ಒಂದೆರಡು ವರ್ಷದ ಕೆಲಸ.

ಇಂಥದೇ ತೊಂದರೆ ಇರೋ ಇನ್ನೊಂದು ಕಡೆ ಅಂದರೆ ಆಫ್ರಿಕಾ. ಅಲ್ಲೂ ಸಾವಿರಾರು ಭಾಷೆ, ಬಾಯಲ್ಲೇ ಉಳಿದ ಕಾವ್ಯ, ದುಬಾರಿ ಇಂಟರ್ನೆಟ್. ವಿಶ್ವವಿದ್ಯಾಲಯಗಳನ್ನು ಜೋಡಿಸೋಕೆ ನಮ್ಮಲ್ಲಿ ನ್ಯಾಷನಲ್ ನಾಲೆಡ್ಜ್ ನೆಟ್‌ವರ್ಕ್ ಇರೋ ಹಾಗೆ ಅಲ್ಲಿ ಉಬುಂಟುನೆಟ್, ವಾಕ್ರೆನ್ ಅನ್ನೋ ಜಾಲಗಳಿವೆ. ಆದರೆ ನನಗೆ ಇಷ್ಟವಾದದ್ದು ಕೇಬಲ್ ಕಥೆ ಅಲ್ಲ. 2019ರಲ್ಲಿ ಅಲ್ಲಿನ ಯುವಕರು ‘ಮಸಖಾನೆ’ ಅನ್ನೋ ಬಳಗ ಕಟ್ಟಿಕೊಂಡರು. ಇಸಿಜುಲು ಭಾಷೆಯಲ್ಲಿ ‘ಕೂಡಿ ಕಟ್ಟೋಣ’ ಅಂತ ಅರ್ಥ. ತಮ್ಮ ಭಾಷೆಗಳಿಗೆ ಅನುವಾದದ ಯಂತ್ರ ಯಾರೋ ಬಂದು ಮಾಡಿಕೊಡಲಿ ಅಂತ ಕಾಯಲಿಲ್ಲ. ಕಂಪ್ಯೂಟರ್ ಓದಿದವರು, ಭಾಷೆ ಬಲ್ಲವರು ಒಟ್ಟಿಗೆ ಕೂತರು. 2020ರ ಅವರ ಸಂಶೋಧನಾ ಲೇಖನಕ್ಕೆ ಹತ್ತಾರು ಲೇಖಕರು, ಔಪಚಾರಿಕ ತರಬೇತಿ ಇಲ್ಲದವರಿಗೂ ಅದರಲ್ಲಿ ಜಾಗ.

ಆಫ್ರಿಕಾದ ವಿಶ್ವವಿದ್ಯಾಲಯಗಳಲ್ಲಿ ನಡೆಯೋ ಇನ್ನೊಂದು ಕಲಿಕೆ ‘ಕಾರ್ಪೆಂಟ್ರೀಸ್’ ಕಾರ್ಯಾಗಾರ. ಸಾಫ್ಟ್‌ವೇರ್ ಕಾರ್ಪೆಂಟ್ರಿ ಹೆಸರಿನಲ್ಲಿ ಅದು ಅಮೆರಿಕದಲ್ಲಿ ಶುರುವಾದದ್ದು, ನೀವು ನಂಬಲ್ಲ, ಅದೂ 1998ರಲ್ಲೇ. ಹೆಸರಿಗೆ ತಕ್ಕ ಹಾಗೆ ಬಡಗಿ ಕೆಲಸ. ಎರಡು ದಿನ, ನಿಮ್ಮದೇ ಲ್ಯಾಪ್‌ಟಾಪ್, ಮಾಡಿ ಕಲಿಯೋದು. ಡೇಟಾದ ಮೊದಲ ಪಾಠ ಎಷ್ಟು ಸರಳ ಅಂದರೆ: ಮೂಲ ಫೈಲ್ ಮುಟ್ಟಬೇಡಿ, ಪ್ರತಿ ಮಾಡಿ ಅದರ ಮೇಲೆ ಕೆಲಸ ಮಾಡಿ. ಒಂದು ಚೌಕದಲ್ಲಿ ಒಂದೇ ಮಾಹಿತಿ ಇರಲಿ. ಎಲ್ಲಿಂದ ಬಂತು ಅಂತ ಬರೆದಿಡಿ.

ಈಗ ಮಾಸ್ತರ ಪಡಸಾಲೆಗೆ ವಾಪಸ್ ಬರೋಣ. ಹಳೇ ಫಾಂಟನ್ನು ಯುನಿಕೋಡ್‌ಗೆ ಬದಲಾಯಿಸೋ ಉಚಿತ ಸಾಧನಗಳಿವೆ. ಒಂದನ್ನು ಓಡಿಸಿದೆ. ‘ಧರ್ಮ’ದಂಥ ಪದಗಳಲ್ಲಿ ಅರ್ಕಾವತ್ತು ಹಳೇ ಫಾಂಟಿನಲ್ಲಿ ಕೊನೆಗೆ ಬರುತ್ತೆ, ಯುನಿಕೋಡ್‌ನಲ್ಲಿ ‘ಮ’ಕ್ಕಿಂತ ಮೊದಲು ಬರಬೇಕು. ಅಲ್ಲಲ್ಲಿ ಕೆಟ್ಟಿದ್ದನ್ನು ಇಬ್ಬರೂ ಕೂತು ಸರಿಮಾಡಿದೆವು. ಸಂಜೆ ಹೊತ್ತಿಗೆ 212 ಹಾಡು ಓದೋ ಹಾಗಾಯ್ತು. ಅಜ್ಜಿಯ ಹೆಸರು ಹುಡುಕಿದೆ. ಇಲ್ಲ. ಹಳ್ಳಿಯ ಹೆಸರು ಹುಡುಕಿದೆ. ಮೂರು ಕಡೆ ಬಂತು, ಮೂರರ ಕೆಳಗೂ ‘ಹಾಡಿದವರು: ವೃದ್ಧೆ, ಹಾನಗಲ್ ತಾಲೂಕು’. ಪ್ರಬಂಧ ಟೈಪ್ ಮಾಡಿಸುವಾಗ ಪುಟ ಹೆಚ್ಚಾಯ್ತು ಅಂತ ಹೆಸರುಗಳನ್ನು ತೆಗೆಸಿದ್ದರಂತೆ.

ಉತ್ತರ ಸಿಕ್ಕಿದ್ದು ನೋಟ್‌ಬುಕ್ಕಿನಲ್ಲಿ. ಮೂರನೆಯದರ ನಡುವೆ, ನೀಲಿ ಶಾಯಿಯಲ್ಲಿ ಅಜ್ಜಿಯ ಪೂರ್ತಿ ಹೆಸರು, ಅಡ್ಡಹೆಸರು ಸಮೇತ. ಊರು, ವಯಸ್ಸು 70, ಪದ ಕಲಿತದ್ದು ಅತ್ತೆಯಿಂದ. ಕ್ಯಾಸೆಟ್ 14, ಎ ಬದಿ. ಎಲ್ಲಾ ಸಾಧನಗಳಿಗಿಂತ ಹಳೇದೇ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು. ಫೋನಿನಲ್ಲಿ ಅಮ್ಮನಿಗೆ ಸಾಲುಗಳನ್ನು ಓದಿ ಹೇಳಿದೆ. ಎರಡನೇ ಸಾಲಿಗೇ ಅವಳು ಮುಂದಿನದನ್ನು ಹೇಳಿದಳು, ‘ದನಿ ಸಿಕ್ಕಿತೇನೋ?’ ಅಂತ ಕೇಳಿದಳು.

ಕ್ಯಾಸೆಟ್ 14 ಹಾಕಿದೆವು. ಡೊಳ್ಳು ಬಡಿಯೋ ಸದ್ದು ಬಂತು. ಮುಂದಕ್ಕೆ ಓಡಿಸಿದರೂ ಡೊಳ್ಳಿನ ಪದವೇ. ಬೇರೆ ಊರು, ಗಂಡಸರ ದನಿ. ಮಾಸ್ತರು ಬಹಳ ಹೊತ್ತು ಸುಮ್ಮನಿದ್ದರು. ‘ಹೊಸಾ ಕ್ಯಾಸೆಟ್ಟಿಗೆ ರೊಕ್ಕ ಇರಲಿಲ್ಲೋ ತಮ್ಮಾ. ಬರಕೊಂಡಾದ ಮ್ಯಾಲೆ ಅದರಾಗ ಮತ್ತ ತುಂಬಿದೆ. ಪದ ಸಿಕ್ಕಿತಲ್ಲ, ಸಾಕು ಅನಿಸಿತ್ತು.’

ನನಗೆ ಸಿಟ್ಟು ಬರಲಿಲ್ಲ. ಎಂಟು ವರ್ಷದ ತಂಡ ಅವರ ಹಿಂದೆ ಇರಲಿಲ್ಲ. ಮೂಲವನ್ನು ಮುಟ್ಟಬೇಡಿ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿದ್ದರೂ ಕ್ಯಾಸೆಟ್ ಕೊಡಿಸೋರು ಇರಲಿಲ್ಲ. ಆದರೆ 1998ರ ನಮ್ಮಜ್ಜಿ, 1885ರ ಲಾವಣಿಕಾರರ ಸಾಲಿಗೆ ಸೇರಿಬಿಟ್ಟಳು. ಪದ ಇದೆ, ದನಿ ಇಲ್ಲ. ಅವಳ ಹೆಸರಾದರೂ ಇದೆ ಅನ್ನೋದೇ ಸಮಾಧಾನ.

ಆ ರಾತ್ರಿ ಒಂದು ಶೀಟ್ ಮಾಡಿದೆವು. ಎಂಟು ಕಾಲಂ: ಹಾಡಿದವರು, ಊರು, ವಯಸ್ಸು, ತಾರೀಕು, ಯಾವಾಗ ಹಾಡೋ ಪದ, ಕ್ಯಾಸೆಟ್ ನಂಬರು, ನೋಟ್‌ಬುಕ್ ಪುಟ, ಮನೆಯವರ ಒಪ್ಪಿಗೆ. ಉಳಿದ ಕ್ಯಾಸೆಟ್ಟುಗಳನ್ನು ಈಗ ತಿಂಗಳಿಗೆ ನಾಲ್ಕರಂತೆ ಕಂಪ್ಯೂಟರಿಗೆ ಏರಿಸ್ತಾ ಇದ್ದೀವಿ. ಪ್ರತಿ ಫೈಲಿನ ಮೂರು ಪ್ರತಿ, ಮೂರು ಊರಲ್ಲಿ. ಶರೀಫರ ಪದಕ್ಕೆ ಭಜನಾ ಮೇಳ ಮಾಡಿದ ಕೆಲಸವೇ ಇದು. ಇಲ್ಲೀವರೆಗೆ ಹನ್ನೊಂದು ಹೆಂಗಸರ ದನಿ ಸಿಕ್ಕಿದೆ. ನಾಲ್ವರ ಮನೆಯವರಿಗೆ ಕೇಳಿಸಿ ಆಯ್ತು.

ನಿಮ್ಮ ಊರಲ್ಲೂ ಇಂಥ ಟ್ರಂಕು ಯಾರದೋ ಅಟ್ಟದ ಮೇಲೆ ಇರುತ್ತೆ. ಆಫೀಸಿನಲ್ಲಿ ಎಕ್ಸೆಲ್ ಶೀಟಿನ ಮುಂದೆ ದಿನ ಕಳೆಯೋ ನಮ್ಮಂಥವರಿಗೆ ಒಂದು ಭಾನುವಾರದ ಕೆಲಸ ಅದು. ಮುಂದಿನ ಸಲ ಗೊಟಗೋಡಿಯಲ್ಲಿ ಇಳಿದು ಸಿಮೆಂಟಿನ ಅಜ್ಜಿಯ ಪಕ್ಕ ಫೋಟೊ ತೆಗೆಸಿಕೊಳ್ಳುವಾಗ, ಮನೆಯಲ್ಲಿರೋ ಅಜ್ಜಿಯ ದನಿ ನಿಮ್ಮ ಫೋನಿನಲ್ಲಿ ಇದೆಯಾ ಅಂತ ಒಂದು ಸಲ ನೋಡ್ಕೊಳ್ಳಿ. ಇದ್ದರೆ, ಫೈಲಿಗೆ ಅವರ ಹೆಸರಿಡಿ.