ಉಳಿದ ಕಲ್ಲು, ಅಳಿದ ಬುಟ್ಟಿ

ಚೆನ್ನೈನ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯವೆಂದರೆ ಹೆಚ್ಚಿನವರಿಗೆ ನೆನಪಾಗುವುದು ಚೋಳರ ಕಾಲದ ಕಂಚಿನ ಮೂರ್ತಿಗಳು ಮತ್ತು ಅಮರಾವತಿಯ ಶಿಲ್ಪಗಳು. 1851ರಲ್ಲಿ ಆರಂಭವಾದ ಈ ಸಂಸ್ಥೆಯ ಪ್ರಾಗಿತಿಹಾಸ ಸಂಗ್ರಹದಲ್ಲಿ ಬಳ್ಳಾರಿ ಸೀಮೆಯ ಕಲ್ಲುಗೊಡಲಿಗಳೂ ಇವೆ ಎಂಬುದು ಆ ನಗರದಲ್ಲಿ ದಶಕಗಳಿಂದ ನೆಲೆಸಿರುವ ಕನ್ನಡಿಗರಲ್ಲಿಯೂ ಹಲವರಿಗೆ ತಿಳಿದಿರಲಾರದು. ಅವು ಅಲ್ಲಿರುವುದಕ್ಕೆ ಕಾರಣ ಸರಳ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವ ತನಕ ಬಳ್ಳಾರಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಅಲ್ಲಿನ ಬೆಟ್ಟಗಳಲ್ಲಿ ದೊರೆತದ್ದು ಮದರಾಸಿಗೆ ಬಂದು ಸೇರುವುದು ಅಂದಿನ ವ್ಯವಸ್ಥೆಯಲ್ಲಿ ಸಹಜವೇ ಆಗಿತ್ತು.

ಆ ಕಲ್ಲುಗಳನ್ನು ಆಯ್ದು ತಂದವರು ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿದರು. 1863ರ ಮೇ 30ರಂದು ಮದರಾಸಿನ ಹೊರವಲಯದ ಪಲ್ಲಾವರಂನಲ್ಲಿ, ಜಲ್ಲಿಮಣ್ಣಿನ ಗುಂಡಿಯೊಂದರ ಬಳಿ, ಅವರಿಗೆ ಮನುಷ್ಯನ ಕೈ ಕೆಲಸದ ಗುರುತುಳ್ಳ ಒಂದು ಕಲ್ಲು ಸಿಕ್ಕಿತು. ಭಾರತದ ಹಳೆ ಶಿಲಾಯುಗದ ಅಧ್ಯಯನ ಆರಂಭವಾದದ್ದು ಅಂದಿನಿಂದಲೇ. ಬಳಿಕ ಸುಮಾರು ಮೂರು ದಶಕಗಳ ಕಾಲ ಇಲಾಖೆಯ ಕೆಲಸದ ಮೇಲೆ ದಕ್ಷಿಣ ಭಾರತವನ್ನೆಲ್ಲ ಸುತ್ತುತ್ತ, ಮಲಪ್ರಭಾ ಕಣಿವೆಯಲ್ಲಿ, ರಾಯಚೂರು ಮತ್ತು ಬಳ್ಳಾರಿ ಸೀಮೆಗಳಲ್ಲಿ ಅವರು ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ತಮ್ಮ ಸಂಗ್ರಹವನ್ನು 1904ರಲ್ಲಿ ಮದರಾಸು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಅದರ ವಿವರಣಾತ್ಮಕ ಸೂಚಿ ಎರಡು ಸಂಪುಟಗಳಲ್ಲಿ 1914 ಮತ್ತು 1916ರಲ್ಲಿ ಪ್ರಕಟವಾಯಿತು. ಅದನ್ನು ಅಚ್ಚಿನಲ್ಲಿ ನೋಡಲು ಫೂಟ್ ಇರಲಿಲ್ಲ. 1912ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಿದ್ದರು.

ಬಳ್ಳಾರಿಯ ಕೊಡಲಿಗಳ ಮೂಲವನ್ನು ಅರಿಯಬೇಕಾದರೆ ಆ ನಗರದ ಸಮೀಪದ ಸಂಗನಕಲ್ಲು ಮತ್ತು ಕುಪ್ಪಗಲ್ಲು ಬೆಟ್ಟಗಳಿಗೆ ಹೋಗಬೇಕು. ಗ್ರಾನೈಟ್ ಬಂಡೆಗಳ ನಡುವೆ ಅಲ್ಲಿ ಡಾಲರೈಟ್ ಎಂಬ ಕಪ್ಪು ಕಲ್ಲಿನ ಪಟ್ಟೆಗಳು ಹಾದುಹೋಗಿವೆ. ನೂತನ ಶಿಲಾಯುಗದ ಜನರು ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ ಆಕಾರಕ್ಕೆ ತಂದು, ಕೊನೆಗೆ ಬಂಡೆಯ ಮೇಲೆ ಉಜ್ಜಿ ಅಂಚನ್ನು ಹರಿತ ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಗಳಲ್ಲಿ ಬಿದ್ದ ತಗ್ಗುಗಳು ಇಂದಿಗೂ ಕಾಣುತ್ತವೆ. ಇದೊಂದು ಕೊಡಲಿ ತಯಾರಿಕೆಯ ನೆಲೆಯೆಂದು ಫೂಟ್ ಗುರುತಿಸಿದ್ದರು. ನಂತರದ ಉತ್ಖನನಗಳು ಅದನ್ನು ಖಚಿತಪಡಿಸಿದವು. ಬಳ್ಳಾರಿಯಲ್ಲೇ ಈಗ ಫೂಟ್ ಅವರ ಹೆಸರಿನ ಪುರಾತತ್ತ್ವ ವಸ್ತುಸಂಗ್ರಹಾಲಯವೊಂದಿದ್ದು, ಈ ಕಥೆಯನ್ನು ಅದು ಹುಟ್ಟಿದ ನೆಲದಲ್ಲೇ ಹೇಳುತ್ತಿದೆ.

ಇಷ್ಟೆಲ್ಲ ಕಂಡ ಮೇಲೆ ಒಂದು ಪ್ರಶ್ನೆ ಮೂಡುತ್ತದೆ. ಈ ಜನರ ಬದುಕಿನಲ್ಲಿ ಕಲ್ಲಿನ ಪಾಲು ಎಷ್ಟು? ಅವರು ಮುಖ್ಯವಾಗಿ ದನಗಾಹಿಗಳು. ಕುಪ್ಪಗಲ್ಲು, ಕುಡತಿನಿ ಮುಂತಾದೆಡೆ ಇರುವ ಬೂದಿದಿಬ್ಬಗಳು ಅವರು ಬಿಟ್ಟುಹೋದವು. ಹಂಪಿಯ ಬಳಿಯ ನಿಂಬಾಪುರದಲ್ಲಿರುವ ಅಂಥದೊಂದು ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದು ನಂಬಿದ್ದಾರೆ. ಇವು ಸುಟ್ಟ ಸಗಣಿಯ ರಾಶಿಗಳಿರಬೇಕೆಂದು ಫೂಟ್ ಊಹಿಸಿದರು. ಇಂದಿನ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಉತ್ಖನನ ನಡೆಸಿದ ರೇಮಂಡ್ ಆಲ್ಚಿನ್ ಆ ಊಹೆಯನ್ನು ಸಮರ್ಥಿಸಿದರು. ಅಲ್ಲಿ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ದೊರೆತವು. ದೊಡ್ಡಿಯ ಬೇಲಿಗೆ ನೆಟ್ಟಿದ್ದ ಮರದ ಕಂಬಗಳು ಮಣ್ಣಾಗಿದ್ದವು. ಅವುಗಳ ಕುಳಿಗಳು ಮಾತ್ರ ಉಳಿದಿದ್ದವು.

ಆ ಕುಳಿಗಳು ನಮಗೊಂದು ಪಾಠ ಹೇಳುತ್ತವೆ. ಇವರು ಹುರುಳಿ ಮತ್ತು ಹೆಸರನ್ನು ಬೆಳೆಯುತ್ತಿದ್ದರು, ಕೊರಲೆಯಂಥ ಕಿರುಧಾನ್ಯಗಳನ್ನು ಉಣ್ಣುತ್ತಿದ್ದರು ಎಂಬುದು ಕರಿಕಾದ ಕಾಳುಗಳಿಂದ ತಿಳಿದಿದೆ. ಕೊರಲೆಯ ಕಾಳು ಸಾಸಿವೆಗಿಂತ ತುಸು ದೊಡ್ಡದು. ಅದನ್ನು ಬಡಿದು, ತೂರಿ, ಕೇರಿ, ಹೊಟ್ಟನ್ನು ಬೇರ್ಪಡಿಸದೆ ಬೇಯಿಸಲಾಗದು. ಕೇರಲು ಮೊರದಂಥದ್ದು, ಹೊರಲು ಬುಟ್ಟಿಯಂಥದ್ದು, ಕಟ್ಟಲು ಹಗ್ಗ ಬೇಕೇ ಬೇಕು. ಕಲ್ಲುಗೊಡಲಿಗೂ ಮರದ ಕಾವು ಬೇಕು. ಅಂದರೆ ನಾವು ‘ಶಿಲಾಯುಗ’ ಎಂದು ಕರೆಯುವ ಕಾಲದ ದಿನಬಳಕೆಯ ವಸ್ತುಗಳಲ್ಲಿ ಬಹುಪಾಲು ಮರ, ಬಿದಿರು, ನಾರು, ತೊಗಲುಗಳಿಂದ ಆದವಿರಬೇಕು. ಕಲ್ಲು ಆ ಜನರ ಬದುಕಿನ ಮೇಲೆ ಇಟ್ಟ ಹೆಸರಲ್ಲ, ನಮಗೆ ಉಳಿದು ಬಂದುದರ ಮೇಲೆ ಇಟ್ಟ ಹೆಸರು.

ಹೆಣಿಗೆಯ ಪ್ರಾಚೀನತೆಗೆ ಉಪಖಂಡದಲ್ಲಿ ಸಾಕ್ಷಿಗಳಿಲ್ಲದೆ ಇಲ್ಲ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ, ಮಡಕೆಗಳು ಬಳಕೆಗೆ ಬರುವ ಮುನ್ನವೇ, ಡಾಂಬರಿನಂಥ ಅಂಟು ಬಳಿದ ಬುಟ್ಟಿಗಳನ್ನು ಸತ್ತವರ ಜೊತೆ ಇಡುತ್ತಿದ್ದರು. ಬುಟ್ಟಿ ಕರಗಿದರೂ ಆ ಅಂಟಿನಲ್ಲಿ ಅದರ ಅಚ್ಚು ಉಳಿದಿದೆ. ಕಾಶ್ಮೀರದ ಬುರ್ಜಹೋಮ್‌ನಲ್ಲಿ ಸಿಕ್ಕ ಮಡಕೆಗಳ ತಳದಲ್ಲಿ ಚಾಪೆಯ ಹೆಣಿಗೆ ಮೂಡಿದೆ. ಹಸಿ ಮಡಕೆಯನ್ನು ಚಾಪೆಯ ಮೇಲಿಟ್ಟಾಗ ಬಿದ್ದ ಗುರುತು ಅದು. ಹೆಣೆದವರ ಕೈ ನಮಗೆ ಕಾಣುವುದು ಹೀಗೆ, ಬೇರೊಂದು ವಸ್ತುವಿನ ಮೈಮೇಲೆ, ಆಕಸ್ಮಿಕವಾಗಿ.

ಉಳಿಯುವುದು, ಅಳಿಯುವುದು ಪ್ರಕೃತಿಯ ನಿಯಮ. ಆದರೆ ನಮ್ಮ ವಸ್ತುಸಂಗ್ರಹಾಲಯಗಳು ಆ ನಿಯಮಕ್ಕೆ ತಮ್ಮದೊಂದು ತಾರತಮ್ಯವನ್ನೂ ಸೇರಿಸಿವೆ. ಕಲ್ಲುಗೊಡಲಿ ‘ಪ್ರಾಗಿತಿಹಾಸ’ದ ಕೋಣೆಗೆ ಹೋಗುತ್ತದೆ, ಅದು ಎಲ್ಲರ ಪೂರ್ವಜರದು. ಬುಟ್ಟಿ, ಮೊರ, ಮೀನು ಹಿಡಿಯುವ ಕೂಳಿಗಳು ‘ಬುಡಕಟ್ಟು’ ಅಥವಾ ‘ಜಾನಪದ’ದ ಕೋಣೆಗೆ ಹೋಗುತ್ತವೆ, ಅವು ಯಾವುದೋ ಒಂದು ಜಾತಿಯವು. ಕಲ್ಲನ್ನು ಆಯ್ದವರ ಹೆಸರು, ಸಿಕ್ಕ ಊರು ಸೂಚಿಯಲ್ಲಿ ದಾಖಲಾಗಿರುತ್ತವೆ. ಬುಟ್ಟಿಯ ಕೆಳಗಿನ ಚೀಟಿಯಲ್ಲಿ ಸಾಮಾನ್ಯವಾಗಿ ಸಮುದಾಯದ ಹೆಸರಿಗಿಂತ ಹೆಚ್ಚಿನದೇನೂ ಇರುವುದಿಲ್ಲ. ಕೊಡಲಿ ಮಾಡಿದವನ ಹೆಸರು ಕೇಳಿ ತಿಳಿಯುವ ಮಾರ್ಗವಿಲ್ಲ, ಸರಿ. ಬುಟ್ಟಿ ಹೆಣೆದವಳ ಹೆಸರನ್ನು ಕೇಳಬಹುದಿತ್ತು. ಕೇಳಲಿಲ್ಲ.

ಈ ವಿಷಯದಲ್ಲಿ ಕನ್ನಡ ಸಾಹಿತ್ಯ ವಸ್ತುಸಂಗ್ರಹಾಲಯಗಳಿಗಿಂತ ಒಂದು ಹೆಜ್ಜೆ ಮುಂದಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದರ ಕೇತಯ್ಯ ಬಿದಿರಿನ ಕಾಯಕದವನು. ನುಲಿಯ ಚಂದಯ್ಯ ಹಗ್ಗ ಹೊಸೆಯುವವನು. ಅವರು ಹೆಣೆದ ಬುಟ್ಟಿಯಾಗಲಿ, ಹೊಸೆದ ಹಗ್ಗವಾಗಲಿ ಇಂದು ಇಲ್ಲ. ಹೆಸರು ಮತ್ತು ವಚನಗಳು ಇವೆ. ವಚನಗಳನ್ನು ಬರೆದ ತಾಳೆಗರಿಯೂ ಬಿದಿರಿನಂತೆಯೇ ಗೆದ್ದಲು ತಿನ್ನುವ ವಸ್ತು. ಆದರೂ ಅವು ನಮಗೆ ದಕ್ಕಿದ್ದು, ತಲೆಮಾರಿನಿಂದ ತಲೆಮಾರಿಗೆ ಯಾರೋ ಪ್ರತಿ ಮಾಡುತ್ತ ಬಂದುದರಿಂದ. ಬುಟ್ಟಿಯ ಉಳಿವೂ ಹಾಗೆಯೇ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಅದನ್ನು ಕೆಲವು ದಶಕ ಕಾಪಾಡಬಹುದು. ಸಾವಿರ ವರ್ಷ ಕಾಪಾಡಬೇಕಾದರೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ಮತ್ತೆ ಮಾಡುತ್ತಿರಬೇಕು.

ಮತ್ತೆ ಮಾಡಬೇಕಾದರೆ ಬಿದಿರು ಬೇಕು. 1970ರ ದಶಕದಲ್ಲಿ ಕರ್ನಾಟಕದ ಬುಟ್ಟಿ ಹೆಣೆಯುವವರು ಕಾಗದ ಕಾರ್ಖಾನೆಗಳಿಂದ ಕಾಡಿನ ಬಿದಿರು ಬರಿದಾಗುತ್ತಿದೆ ಎಂದು ದೂರಿದರು. ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ರಾಜ್ಯದ ಬಿದಿರಿನ ಅಧ್ಯಯನ ಕೈಗೊಂಡ ಹಿನ್ನೆಲೆ ಅದು. ಕಾರ್ಖಾನೆಗೆ ಬಿದಿರು ಅತ್ಯಲ್ಪ ದರದಲ್ಲಿ ಸಿಗುತ್ತಿತ್ತು. ಮೇದರು ಪೇಟೆಯ ಬೆಲೆ ತೆರಬೇಕಾಗಿತ್ತು. ಕಾನೂನೂ ಅವರ ಪರವಾಗಿರಲಿಲ್ಲ. 1927ರ ಅರಣ್ಯ ಕಾಯಿದೆ ಹುಲ್ಲಿನ ಜಾತಿಯ ಬಿದಿರನ್ನು ‘ಮರ’ವೆಂದೇ ಎಣಿಸಿತ್ತು. 2006ರ ಅರಣ್ಯ ಹಕ್ಕು ಕಾಯಿದೆ ಅದನ್ನು ಕಿರು ಅರಣ್ಯ ಉತ್ಪನ್ನಗಳಲ್ಲಿ ಸೇರಿಸಿತು; ಕಾಡಿನ ಹೊರಗೆ ಬೆಳೆದ ಬಿದಿರು ಮರವಲ್ಲವೆಂದು ಒಪ್ಪಲು 2017ರ ತಿದ್ದುಪಡಿಯ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಬುಟ್ಟಿ ಮನೆಮನೆ ಸೇರಿತ್ತು.

ಕರಾವಳಿಯ ಕೊರಗರ ಕಥೆ ಇನ್ನೂ ಕಠಿಣ. ಬಿದಿರು, ಕಾಡುಬಳ್ಳಿಗಳಿಂದ ಅವರು ಹೆಣೆದ ಬುಟ್ಟಿಯನ್ನು ಊರು ಬಳಸಿತು, ಹೆಣೆದವರನ್ನು ದೂರವಿಟ್ಟಿತು. ಅವರನ್ನು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ ಸರ್ಕಾರ ಕಾಯಿದೆಯ ಮೂಲಕ ನಿಷೇಧಿಸಿದ್ದು 2000ದಲ್ಲಿ. ಬುಟ್ಟಿ ಉಳಿಯಲೆಂದು ಅವರ ಮಕ್ಕಳು ಅದನ್ನೇ ಹೆಣೆಯುತ್ತಿರಬೇಕೆಂದು ಬಯಸುವ ಹಕ್ಕು ನಮಗಿಲ್ಲ. ಆದರೆ ಆ ವಿದ್ಯೆ ಯಾರದು, ಅದರಲ್ಲಿ ಏನೇನಿತ್ತು ಎಂಬುದನ್ನು ಅವರ ಬಾಯಿಂದಲೇ ಕೇಳಿ, ಅವರ ಹೆಸರಿನಲ್ಲೇ ದಾಖಲಿಸುವ ಹೊಣೆ ನಮ್ಮದು.

ಆ ದಾಖಲೆಯಲ್ಲಿ ಹೊರನಾಡಿನ ನಮಗೂ ಒಂದು ಪಾಲಿದೆ. ಮೊರ, ಹೆಡಿಗೆ, ಮಂಕರಿ, ಕುಕ್ಕೆ, ಗೊರಬು, ಕೂಳಿ: ಇವುಗಳಲ್ಲಿ ಎಷ್ಟನ್ನು ನಮ್ಮ ಮಕ್ಕಳು ಬಲ್ಲರು? ಪುಣೆಯಲ್ಲೋ ದೆಹಲಿಯಲ್ಲೋ ಹುಟ್ಟಿ ಬೆಳೆದವರಿಗೆ ಇವೆಲ್ಲವೂ ‘ಬಾಸ್ಕೆಟ್’. ಮನೆಯ ಹಿರಿಯರಿಗೆ ಮಾತ್ರ ಇನ್ನೂ ಗೊತ್ತು, ಯಾವುದರಲ್ಲಿ ಗೊಬ್ಬರ ಹೊರುತ್ತಿದ್ದರು, ಯಾವುದರಲ್ಲಿ ರೊಟ್ಟಿ ಇಡುತ್ತಿದ್ದರು, ಯಾರಿಂದ ಎಷ್ಟು ಕಾಳಿಗೆ ಕೊಳ್ಳುತ್ತಿದ್ದರು ಎಂದು. ಎಗ್ಮೋರಿನ ಕಲ್ಲುಗಳು ಇನ್ನೊಂದು ನೂರು ವರ್ಷ ನಮಗಾಗಿ ಕಾಯಬಲ್ಲವು. ಹಿರಿಯರ ನೆನಪಿಗೆ ಅಷ್ಟು ವ್ಯವಧಾನವಿಲ್ಲ. ಈ ಸಲ ಊರಿಗೆ ಹೋದಾಗ ಅವರನ್ನು ಕೇಳಿ ಬರೆದಿಟ್ಟುಕೊಳ್ಳೋಣ. ಬುಟ್ಟಿಯ ಹೆಸರಿನ ಜೊತೆಗೆ, ಅದನ್ನು ಹೆಣೆದು ತಂದುಕೊಡುತ್ತಿದ್ದವರ ಹೆಸರನ್ನೂ.