ಅನ್ನನಾಳದ ಆರಂಭಿಕ ಕ್ಯಾನ್ಸರ್: ಮೇಲ್ಪೊರೆಯಡಿಯ ಸಂಯೋಜಕ ಅಂಗಾಂಶ

ಅನ್ನನಾಳದ ಕ್ಯಾನ್ಸರ್ ಹುಟ್ಟುವುದು ನಾಳದ ಒಳಮೈಯ ಮೇಲ್ಪೊರೆಯಲ್ಲಿ. ಅದು ಎಷ್ಟು ಅಪಾಯಕಾರಿ ಎಂಬುದು ಮಾತ್ರ ಬಹುಮಟ್ಟಿಗೆ ತೀರ್ಮಾನವಾಗುವುದು ಆ ಪೊರೆಯ ಕೆಳಗಿನ ಸಂಯೋಜಕ ಅಂಗಾಂಶದಲ್ಲಿ.

ಮೇಲ್ಪೊರೆಯ ಬುಡಕ್ಕೆ ನಾಲ್ಕನೆಯ ಬಗೆಯ ಕೊಲಾಜನ್ ಮತ್ತು ಲ್ಯಾಮಿನಿನ್‌ಗಳಿಂದಾದ ತೆಳುವಾದ ಆಧಾರಪೊರೆ ಇರುತ್ತದೆ. ಅದರಡಿ ಸಡಿಲ ನಾರುಗಳ ಲ್ಯಾಮಿನಾ ಪ್ರೊಪ್ರಿಯಾ, ಬಳಿಕ ತೆಳು ಸ್ನಾಯುಪದರ, ಅದಕ್ಕೂ ಕೆಳಗೆ ಸಬ್‌ಮ್ಯೂಕೋಸಾ. ದೊಡ್ಡ ಕರುಳಿನ ಲ್ಯಾಮಿನಾ ಪ್ರೊಪ್ರಿಯಾದಲ್ಲಿ ದುಗ್ಧರಸ ನಾಳಗಳು ತೀರಾ ವಿರಳ. ಅನ್ನನಾಳದಲ್ಲಿ ಅವು ಅಲ್ಲಿಯೇ ಇವೆ. ಗಾತ್ರದಲ್ಲಿ ಚಿಕ್ಕದಾದ ಗೆಡ್ಡೆಯೂ ಬೇಗನೆ ದುಗ್ಧರಸ ಗ್ರಂಥಿಗಳನ್ನು ತಲುಪಲು ಇದೇ ಮುಖ್ಯ ಕಾರಣ.

ಆಧಾರಪೊರೆ ಒಡೆಯುವ ಮೊದಲೇ ಕೆಳಗಿನ ಪದರ ಸುಮ್ಮನಿರುವುದಿಲ್ಲ. ಲಿಂಫೋಸೈಟ್‌ಗಳು ಬಂದು ಸೇರುತ್ತವೆ. ಮೇಲ್ಪೊರೆಯೊಳಕ್ಕೆ ಚಾಚಿದ ಸೂಕ್ಷ್ಮ ರಕ್ತನಾಳಗಳ ಕುಣಿಕೆಗಳು ಹಿಗ್ಗಿ, ತಿರುಚಿಕೊಂಡು, ಒಂದೊಂದು ಒಂದೊಂದು ಆಕಾರ ತಾಳುತ್ತವೆ. ಕಿರುಪಟ್ಟಿ ಬೆಳಕಿನ ಎಂಡೋಸ್ಕೋಪಿಯಲ್ಲಿ ಇವು ಕಂದುಬಣ್ಣದ ಚುಕ್ಕೆಗಳಾಗಿ ಕಾಣುತ್ತವೆ. ಜಪಾನಿನ ವೈದ್ಯರು ಈ ಕುಣಿಕೆಗಳ ರೂಪ ನೋಡಿಯೇ ಗೆಡ್ಡೆಯ ಆಳವನ್ನು ಅಂದಾಜು ಮಾಡುವ ವಿಧಾನವನ್ನು ಬೆಳೆಸಿದರು.

ಮುಂದೆ ಕ್ಯಾನ್ಸರ್ ಕೋಶಗಳೂ ಸುತ್ತಲಿನ ಕೋಶಗಳೂ ಸ್ರವಿಸುವ ಮೆಟಲೋಪ್ರೋಟಿನೇಸ್ ಕಿಣ್ವಗಳು ಆಧಾರಪೊರೆಯನ್ನು ಕತ್ತರಿಸುತ್ತವೆ. ಟಿಜಿಎಫ್-ಬೀಟಾದಂಥ ಸಂಕೇತಗಳಿಗೆ ಓಗೊಟ್ಟು ಫೈಬ್ರೋಬ್ಲಾಸ್ಟ್‌ಗಳು ಸಂಕೋಚನಶಕ್ತಿಯುಳ್ಳ ಮಯೋಫೈಬ್ರೋಬ್ಲಾಸ್ಟ್‌ಗಳಾಗಿ ಮಾರ್ಪಟ್ಟು ಹೊಸ ಕೊಲಾಜನ್ ಹೆಣೆಯುತ್ತವೆ. ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗೆಡ್ಡೆಗಳನ್ನು ಮಾಯದ ಗಾಯಗಳೆಂದು ಕರೆದದ್ದು ಇಂಥ ಬದಲಾವಣೆಗಳನ್ನು ಕಂಡೇ. ಆದರೆ ಗೆಡ್ಡೆಯ ಸುತ್ತ ದಟ್ಟ ನಾರು ಕಾಣದಿದ್ದರೆ ನುಸುಳುವಿಕೆಯೇ ಇಲ್ಲವೆಂದು ತಿಳಿಯಬಾರದು: ಲ್ಯಾಮಿನಾ ಪ್ರೊಪ್ರಿಯಾಕ್ಕಷ್ಟೇ ಇಳಿದ ಕ್ಯಾನ್ಸರ್‌ನಲ್ಲಿ ಈ ನಾರುಗಟ್ಟುವಿಕೆ ಹಲವು ವೇಳೆ ಅತ್ಯಲ್ಪ.

ಸಹಜ ಮೇಲ್ಪೊರೆಯ ಜಾಗದಲ್ಲಿ ಕರುಳಿನ ಬಗೆಯ ಪೊರೆ ಬೆಳೆದಿರುವ ಬ್ಯಾರೆಟ್ ಅನ್ನನಾಳದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ತೆಳು ಸ್ನಾಯುಪದರ ಎರಡಾಗಿರುತ್ತದೆ. ಎರಡರ ನಡುವಿನ ಜಾಗವನ್ನು ಸಬ್‌ಮ್ಯೂಕೋಸಾ ಎಂದು ತಪ್ಪಾಗಿ ಓದಿದರೆ ಗೆಡ್ಡೆ ಇರುವುದಕ್ಕಿಂತ ಆಳಕ್ಕಿಳಿದಂತೆ ವರದಿಯಾಗುತ್ತದೆ. ರೋಗಿಗೆ ಅನಗತ್ಯವಾಗಿ ದೊಡ್ಡ ಶಸ್ತ್ರಚಿಕಿತ್ಸೆಯ ಸಲಹೆ ಸಿಗಬಹುದು.

ಚಿಕಿತ್ಸೆಯ ಲೆಕ್ಕಾಚಾರವೆಲ್ಲ ಮೈಕ್ರೋಮೀಟರ್‌ಗಳಲ್ಲಿ. ಚಪ್ಪಟೆ ಕೋಶಗಳ ಸ್ಕ್ವಾಮಸ್ ಕ್ಯಾನ್ಸರ್ ಸಬ್‌ಮ್ಯೂಕೋಸಾದೊಳಗೆ 200 ಮೈಕ್ರೋಮೀಟರ್ ದಾಟಿದರೆ, ಗ್ರಂಥಿಕೋಶಗಳ ಬಗೆಯಾದ ಅಡಿನೋಕಾರ್ಸಿನೋಮ 500 ದಾಟಿದರೆ, ದುಗ್ಧರಸ ಗ್ರಂಥಿಗಳಿಗೆ ಹರಡಿರುವ ಸಂಭವ ಎಂಡೋಸ್ಕೋಪಿ ಚಿಕಿತ್ಸೆಯೊಂದನ್ನೇ ನೆಚ್ಚಿಕೊಳ್ಳಲಾಗದಷ್ಟು ಹೆಚ್ಚುತ್ತದೆ. ಎಂಡೋಸ್ಕೋಪಿಯಲ್ಲಿ ಗೆಡ್ಡೆಯನ್ನು ಕತ್ತರಿಸುವ ಮುನ್ನ ವೈದ್ಯರು ಗೆಡ್ಡೆಯಡಿ ದ್ರವ ಚುಚ್ಚುತ್ತಾರೆ. ಸಬ್‌ಮ್ಯೂಕೋಸಾ ಸಡಿಲವಾಗಿದ್ದರೆ ಒಳಮೈ ಬೊಬ್ಬೆಯಂತೆ ಮೇಲೇಳುತ್ತದೆ. ಆಳಕ್ಕಿಳಿದ ಗೆಡ್ಡೆಯೋ ಹಿಂದಿನ ಬಯಾಪ್ಸಿ ಅಥವಾ ಚಿಕಿತ್ಸೆಯ ಕಲೆಯೋ ಅಲ್ಲಿ ನಾರುಗಟ್ಟಿದ್ದರೆ ಏಳುವುದಿಲ್ಲ.

ಭಾರತದಲ್ಲಿ ಹೆಚ್ಚಾಗಿ ಕಾಣುವುದು ಸ್ಕ್ವಾಮಸ್ ಬಗೆ. ತಂಬಾಕು, ಅಡಿಕೆ, ಮದ್ಯ ಅದರ ಮುಖ್ಯ ಕಾರಣಗಳು. ಊಟ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗುವ ಹೊತ್ತಿಗೆ ಗೆಡ್ಡೆ ಸಾಮಾನ್ಯವಾಗಿ ಈ ಮೇಲಿನ ಪದರಗಳನ್ನು ದಾಟಿರುತ್ತದೆ. ಬಹುಕಾಲ ತಂಬಾಕು, ಮದ್ಯ ಎರಡನ್ನೂ ಬಳಸಿದವರು, ಬಾಯಿ ಅಥವಾ ಗಂಟಲಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು ತೊಂದರೆ ಕಾಣಿಸಿಕೊಳ್ಳುವವರೆಗೆ ಕಾಯದೆ ಎಂಡೋಸ್ಕೋಪಿಯ ಬಗ್ಗೆ ವೈದ್ಯರನ್ನು ಕೇಳಬೇಕು.