ಮೂವತ್ತೊಂಬತ್ತು ಅಂಕಿಗಳ ಒಂದು ಅವಿಭಾಜ್ಯಸಂಖ್ಯೆ

೨ ಎಂಬುದನ್ನು ೧೨೭ ಸಲ ಇಟ್ಟು ಗುಣಿಸಿ, ಬಂದ ಲಬ್ಧದಲ್ಲಿ ಒಂದನ್ನು ಕಳೆದರೆ ೧೭೦ ೧೪೧ ೧೮೩ ೪೬೦ ೪೬೯ ೨೩೧ ೭೩೧ ೬೮೭ ೩೦೩ ೭೧೫ ೮೮೪ ೧೦೫ ೭೨೭ ಎಂಬ ಸಂಖ್ಯೆ ದೊರೆಯುತ್ತದೆ. ಒಂದು ಮತ್ತು ತಾನು ಹೊರತು ಬೇರಾವುದೂ ಇದನ್ನು ನಿಶ್ಶೇಷವಾಗಿ ಭಾಗಿಸಲಾರದು. ೧೮೭೬ರಿಂದ ೧೯೫೧ರವರೆಗೆ ಇದಕ್ಕಿಂತ ದೊಡ್ಡ ಅವಿಭಾಜ್ಯವು ಯಾರಿಗೂ ತಿಳಿದಿರಲಿಲ್ಲ. ಇದರೊಡನೆ ಮರ್ಸೆನ್, ಲ್ಯೂಕಾ ಎಂಬ ಇಬ್ಬರು ಫ್ರೆಂಚರ ಹೆಸರುಗಳು ಸೇರಿಕೊಂಡಿವೆ. ಇವರಲ್ಲಿ ಯಾರ ಪಾಲು ಎಷ್ಟೆಂಬುದು ವಿಚಾರಾರ್ಹವಾಗಿದೆ.

ಮರ್ಸೆನನು ಕ್ರೈಸ್ತ ಸಂನ್ಯಾಸಿ. ೧೬೪೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಇಂಥ ಸಂಖ್ಯೆಗಳು ೨೫೭ನೆಯ ಘಾತದವರೆಗೆ ೨, ೩, ೫, ೭, ೧೩, ೧೭, ೧೯, ೩೧, ೬೭, ೧೨೭, ೨೫೭ ಎಂಬ ಘಾತಗಳಲ್ಲಿ ಮಾತ್ರ ಅವಿಭಾಜ್ಯವೆಂದು ಹೇಳಿದನು, ಉಪಪತ್ತಿಯನ್ನು ಕೊಡಲಿಲ್ಲ. ೩೧ರ ವಿಷಯವನ್ನು ಆಯ್ಲರನು ೧೭೭೨ರಲ್ಲಿ ಸಾಧಿಸಿದನು. ಅಲ್ಲಿ ೪೬,೩೪೧ಕ್ಕಿಂತ ಕಡಮೆಯಾದ ಭಾಜಕಗಳನ್ನು ಪರೀಕ್ಷಿಸಿದರೆ ಸಾಕು. ಅವುಗಳಲ್ಲಿಯೂ ಬಹುಪಾಲನ್ನು ಮೊದಲೇ ಬಿಡಬಹುದು. ೧೨೭ಕ್ಕಾದರೋ ಇಪ್ಪತ್ತು ಅಂಕಿಗಳ ಸಂಖ್ಯೆಗಳವರೆಗೆ ಹುಡುಕಬೇಕು. ಮನುಷ್ಯನ ಆಯುಷ್ಯ ಅದಕ್ಕೆ ಸಾಲದು.

ಲ್ಯೂಕಾ ಭಾಜಕಗಳನ್ನು ಹುಡುಕಲೇ ಇಲ್ಲ. ೩ರಿಂದ ಮೊದಲುಮಾಡಿ, ಪ್ರತಿಯೊಂದು ಪದವನ್ನೂ ವರ್ಗಿಸಿ, ೨ನ್ನು ಕಳೆದು, ಪರೀಕ್ಷ್ಯಸಂಖ್ಯೆಯಿಂದ ಭಾಗಿಸಿ ಉಳಿದ ಶೇಷವನ್ನು ಮಾತ್ರ ಇಟ್ಟುಕೊಳ್ಳುವುದು ಅವನ ಕ್ರಮ. ೭ನೆಯ ಘಾತದಿಂದ ಬರುವ ೧೨೭ನ್ನೇ ಪರೀಕ್ಷಿಸೋಣ: ೩, ೭, ೪೭, ೪೮, ೧೬, ೦. ಆರನೆಯ ಪದವು ಸೊನ್ನೆಯಾದುದರಿಂದ ೧೨೭ ಅವಿಭಾಜ್ಯ. ನಮ್ಮ ದೊಡ್ಡ ಸಂಖ್ಯೆಗೆ ೧೨೬ನೆಯ ಪದವು ಸೊನ್ನೆಯಾಗಬೇಕು. ನೂರಿಪ್ಪತ್ತೈದು ಸಲ ವರ್ಗಿಸುವುದು ಸುಲಭವಲ್ಲ, ಆದರೆ ಕೈಯಿಂದ ಮಾಡಬಹುದಾದ ಕೆಲಸ.

ಅದೇ ೧೮೭೬ರಲ್ಲಿ ೬೭ನೆಯ ಘಾತದ ಸಂಖ್ಯೆ ಅವಿಭಾಜ್ಯವಲ್ಲವೆಂದು ಲ್ಯೂಕಾ ತೋರಿಸಿದನು. ಅದರ ಭಾಜಕಗಳು ಮಾತ್ರ ಅವನಿಗೆ ತಿಳಿಯವು. ೧೯೩೭೦೭೭೨೧ ಮತ್ತು ೭೬೧೮೩೮೨೫೭೨೮೭ ಎಂಬ ಆ ಭಾಜಕಗಳನ್ನು ಅಮೆರಿಕದ ಕೋಲ್ ಎಂಬವನು ಪ್ರಕಟಿಸಿದುದು ೧೯೦೩ರಲ್ಲಿ. ೨೫೭ ಕೂಡ ತಪ್ಪೆಂದು ಅನಂತರ ಗೊತ್ತಾಯಿತು.

ಇಷ್ಟೇ ಅಲ್ಲದೆ, ಮರ್ಸೆನನು ೬೧, ೮೯, ೧೦೭ ಎಂಬ ಮೂರು ಘಾತಗಳನ್ನು ಬಿಟ್ಟಿದ್ದನು. ೬೭ ಎಂಬುದು ೬೧ರ ಮುದ್ರಣಸ್ಖಾಲಿತ್ಯವಿರಬಹುದೆಂದು ಕೆಲವರ ಊಹೆ. ಹಳೆಯ ಪ್ರತಿಗಳನ್ನು ಶೋಧಿಸುವವರಿಗೆ ಈ ಸಮಾಧಾನ ಪರಿಚಿತವೇ. ಆದರೆ ಒಂದು ಅಕ್ಷರವನ್ನು ತಿದ್ದಿದರೂ ೮೯, ೧೦೭ಗಳ ಲೋಪವೂ ೨೫೭ರ ದೋಷವೂ ಉಳಿದೇ ಉಳಿಯುತ್ತವೆ. ಹೀಗಿರುವ ಪಟ್ಟಿಯಲ್ಲಿ ೧೨೭ ನಿಜವಾದುದನ್ನು ಕಂಡು ಮರ್ಸೆನನಿಗೆ ಆವಿಷ್ಕಾರದ ಕೀರ್ತಿ ಸಲ್ಲಿಸುವುದು ನನಗೆ ಸಮ್ಮತವಲ್ಲ. ಅವನದು ಪ್ರಶ್ನೆ; ನಿರ್ಣಯ ಲ್ಯೂಕಾನದು.

೧೯೩೦ರಲ್ಲಿ ಲೇಮರನು ಈ ವಿಧಾನವನ್ನು ಪರಿಷ್ಕರಿಸಿದನು. ೨೦೨೪ರಲ್ಲಿ ದೊರೆತ, ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಮೀರಿದ ಅಂಕಿಗಳ ಅವಿಭಾಜ್ಯವನ್ನು ಯಂತ್ರಗಳು ದೃಢಪಡಿಸಿದುದು ಇದರಿಂದಲೇ. ಇನ್ನೊಂದು ವಿಶೇಷವುಂಟು. ೨ನೆಯ ಘಾತದಿಂದ ೩, ೩ರಿಂದ ೭, ೭ರಿಂದ ೧೨೭, ೧೨೭ರಿಂದ ಲ್ಯೂಕಾನ ಸಂಖ್ಯೆ ಹುಟ್ಟುತ್ತವೆ, ಎಲ್ಲವೂ ಅವಿಭಾಜ್ಯಗಳೇ. ಆ ಸಂಖ್ಯೆಯನ್ನೇ ಘಾತವಾಗಿ ಇಟ್ಟರೆ ಬರುವುದು ಎಂಥದೆಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.